ರೆಕ್ಕೆ ಮುಗಿಯುವ ತನಕ

ಬಾಲ್ಕನಿಯ ಕೊನೆಯ ಸಾಲಿನ ಎರಡು ಟಿಕೆಟ್ಟಿಗೆ ಅವನ ಮೂರು ದಿನದ ದುಡಿಮೆ. ಶರ್ಟಿನ ಇಸ್ತ್ರಿಗೆ ಒಂದು ಟೀ ಕಾಸು. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ಕೊಂಡರೆ ಮತ್ತರ್ಧ ದಿನ. ಹೊರಗೆ ಜೋಳದ ಬೆಲೆಗೆ ಸಿಗುವ ಜೋಳ ಥಿಯೇಟರಿನೊಳಗೆ ಹೋದರೆ ಚಿನ್ನದ ಬೆಲೆಗೆ ಅರಳುತ್ತದೆ. ಇಷ್ಟನ್ನೂ ಕ್ಯಾಮೆರಾ ಮನಸ್ಸಿನಲ್ಲೇ ಕೂಡಿಸಿ ಇಟ್ಟುಕೊಂಡಿದ್ದ. ಕಾಯುವುದಕ್ಕೆ ಎಷ್ಟಾಗುತ್ತದೆ ಎನ್ನುವುದೊಂದನ್ನು ಮಾತ್ರ ಕೂಡಿಸಿರಲಿಲ್ಲ. ಅದರ ದರವನ್ನು ಯಾವ ಟಿಕೆಟ್ ಕಿಟಕಿಯ ಮೇಲೂ ಬರೆದು ಹಾಕಿರುವುದಿಲ್ಲ.

ಕ್ಯಾಮೆರಾ ಎಂದರೆ ಅವನ ಹೆಸರಲ್ಲ, ಕೆಲಸ. ಹೊಸ ಸಿನಿಮಾದ ಮೊದಲ ಆಟ ಮುಗಿಸಿ ಹೊರಗೆ ಬರುವವರ ಮುಖವನ್ನು ಒಂದು ಸಣ್ಣ ಚಾನೆಲ್ಲಿಗಾಗಿ ಚಿತ್ರೀಕರಿಸುವುದು. ಪಕ್ಕದಲ್ಲಿ ಮೈಕ್ ಹಿಡಿದು "ಹೇಗಿತ್ತು ಸಿನಿಮಾ?" ಎಂದು ಕೇಳುವವಳು ಮೈಕು. ಥಿಯೇಟರಿನ ಗೇಟು ಕಾಯುವ ಅಜ್ಜ ಇಟ್ಟ ಹೆಸರುಗಳು ಇವು. ಇಟ್ಟ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಈಗ ಅವರಿಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಿದ್ದರು.

ಒಂದು ಸಿನಿಮಾವನ್ನೂ ಇಬ್ಬರೂ ಒಳಗೆ ಕೂತು ನೋಡಿದವರಲ್ಲ. ನೋಡಿದ್ದೆಲ್ಲ ಜನರ ಮುಖದಲ್ಲಿ. ಕಣ್ಣು ಕೆಂಪಾಗಿದ್ದರೆ ಕೊನೆಯಲ್ಲಿ ಯಾರೋ ಸತ್ತಿದ್ದಾರೆ. ಗಂಡಹೆಂಡತಿ ಕೈ ಹಿಡಿದುಕೊಂಡು ಬಂದರೆ ಯಾರೋ ಒಂದಾಗಿದ್ದಾರೆ. ಎಲ್ಲರೂ ಮೊಬೈಲ್ ನೋಡುತ್ತ ಬಂದರೆ ಸಿನಿಮಾವೇ ಸತ್ತಿದೆ.

ಮೈಕಿಗೂ ಕ್ಯಾಮೆರಾಕ್ಕೂ ನಡುವೆ ಒಂದು ವೈರು. ನಾಲ್ಕು ಮಾರು ಉದ್ದ, ಅಷ್ಟೇ. ಅವಳು ಯಾರ ಹಿಂದೆ ಓಡಿದರೂ ವೈರು ಬಿಗಿದಾಗ ನಿಲ್ಲಬೇಕು, ಇಲ್ಲವೆ ಅವನು ಹಿಂದೆ ಓಡಬೇಕು. ವೈರಿಲ್ಲದ ಮೈಕ್ ಕೊಡಿಸುತ್ತೇನೆಂದು ಚಾನೆಲ್ಲಿನ ಬಾಸು ಎರಡು ಸಲ ಹೇಳಿದ್ದರು. "ವೈರಿನ ಸೌಂಡೇ ಚೆನ್ನ ಸರ್," ಎಂದಿದ್ದ ಅವನು. ಸೌಂಡಿನ ಮಾತು ಹಾಗಿರಲಿ, ಆ ವೈರು ಬಿಗಿದಾಗಲೆಲ್ಲ ಅವಳು ತಿರುಗಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳಲ್ಲ, ಅದು ಅವನಿಗೆ ಬೇಕಿತ್ತು.

ಅವಳು ಓದಿ ಮೆಚ್ಚಿದ ಒಂದು ಕಾದಂಬರಿ ಇತ್ತು. ಬೆಟ್ಟದ ಮೇಲೆ ಮೋಡಗಳನ್ನು ಕುರಿಗಳಂತೆ ಕಾಯುವ ಹುಡುಗ; ಊರಗಲ ರೆಕ್ಕೆಯ ಹಕ್ಕಿಯನ್ನು ಸಾಕಿದ ಹುಡುಗಿ. ಅದರ ಮೊದಲರ್ಧ ಸಿನಿಮಾ ಆಗಿ ಬಂದ ದಿನ, ಹೊರಗೆ ಬಂದವರೆಲ್ಲ ಬಾಯಿ ತೆರೆದುಕೊಂಡೇ ಬಂದರು. ಹಕ್ಕಿ ಹುಡುಗಿಯನ್ನು ಹೊತ್ತುಕೊಂಡು ಏಳು ಬೆಟ್ಟದಾಚೆ ಹೋಯಿತು, ಅಲ್ಲಿಗೆ ಸಿನಿಮಾ ನಿಂತಿತ್ತು.

"ಆಮೇಲೆ ಏನಾಗುತ್ತೆ?" ಎಂದು ಅವನು ಕೇಳಿದ.

"ಹೇಳಲ್ಲ. ಎರಡನೇ ಭಾಗ ಬರಲಿ, ಒಂದೇ ಒಂದು ಸಲ ನಾವೂ ಮನುಷ್ಯರ ಹಾಗೆ ಟಿಕೆಟ್ ತಗೊಂಡು ಒಳಗೆ ಕೂತು ನೋಡೋಣ."

"ಯಾರು ಕೊಡಿಸೋದು?"

"ಕೇಳಿದೋರೇ ಕೊಡಿಸಬೇಕು!"

ಅವತ್ತೇ ಅವನು ನಿಶ್ಚಯಿಸಿದ. ಎರಡನೇ ಭಾಗದ ದಿನ, ದೀಪ ಆರಿದ ಮೇಲೆ, ಅವಳ ಮುಖ ಕಾಣದ ಕತ್ತಲಲ್ಲಿ, ತನ್ನನ್ನು ಮದುವೆಯಾಗುತ್ತಾಳಾ ಎಂದು ಕೇಳಿಬಿಡುವುದು. ಬೆಳಕಿನಲ್ಲಿ ಅವನಿಗೆ ಬಾಯಿ ಬರುತ್ತಿರಲಿಲ್ಲ. ದಿನ ಗೊತ್ತಾದ ಮೇಲೆ ಮನಸ್ಸಿಗೆ ನೆಮ್ಮದಿ, ಹಲ್ಲು ಕೀಳಿಸಿಕೊಳ್ಳುವವರಿಗೆ ಆಗುವ ಹಾಗೆ.

ಆದರೆ ಎರಡನೇ ಭಾಗ ಬರಲಿಲ್ಲ. ಹಕ್ಕಿಯ ರೆಕ್ಕೆಯ ಗ್ರಾಫಿಕ್ಸ್ ಮುಗಿದಿಲ್ಲ ಎಂದರು. ಬೇಸಿಗೆ ಎಂದರು, ವರ್ಷದ ಕೊನೆ ಎಂದರು, ಮತ್ತೊಂದು ಬೇಸಿಗೆ ಎಂದರು. ಪ್ರತಿ ಸಲ ಪೋಸ್ಟರಿನ ಮೇಲೆ ಹೊಸ ತಾರೀಖಿನ ಚೀಟಿ ಅಂಟಿದಾಗ ಇವನೂ ತನ್ನ ಮಾತನ್ನು ಮುಂದಕ್ಕೆ ಹಾಕಿದ. ಬಾಯಿದ್ದೂ ಮೂಗನಾದವನನ್ನು ಕಂಡರೆ ನಗು ಬರುತ್ತದೆ. ನಗಬಾರದು. ಒಳ್ಳೆಯ ಮಾತಿಗೆ ಒಳ್ಳೆಯ ಗಳಿಗೆ ಕಾಯದವರು ಯಾರು?

ಕೊನೆಗೂ ಬಂತು. ಆ ಬೆಳಿಗ್ಗೆ ಇಸ್ತ್ರಿ ಶರ್ಟು ತೊಟ್ಟು, ಜೇಬಿನಲ್ಲಿ ಮಧ್ಯಾಹ್ನದ ಆಟದ ಎರಡು ಟಿಕೆಟ್ ಇಟ್ಟುಕೊಂಡು, ಗೇಟಿನ ಬಳಿ ನಿಂತಿದ್ದ.

"ಏನಪ್ಪಾ, ಹುಡುಗಿ ನೋಡೋಕೆ ಹೊರಟಿದ್ಯಾ?" ಎಂದ ಅಜ್ಜ.

"ಕೆಲಸಕ್ಕೆ ಬಂದಿದೀನಿ ಅಜ್ಜ."

"ಕೆಲಸಕ್ಕೆ ಬರೋವಾಗ ಯಾವತ್ತು ತಲೆ ಬಾಚಿದ್ದೆ ನೀನು?"

ಮೈಕು ತಡವಾಗಿ ಬಂದಳು. ಅವನ ಶರ್ಟು ನೋಡಿದಳು, ಕಾಲರಿನಿಂದ ಗುಂಡಿಯವರೆಗೆ, ಗುಂಡಿಯಿಂದ ಕಾಲರಿನವರೆಗೆ. ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಮತ್ತೆ ಯಾಕೋ ಇಳಿಯಿತು. ವೈರಿನ ತುದಿ ಎತ್ತಿಕೊಂಡಳು.

ಬಾಗಿಲು ತೆರೆಯಿತು. ಜನ ಅಣೆಕಟ್ಟು ಒಡೆದಂತೆ ಬಂದರು.

"ಬೆಂಕಿ! ಬೆಂಕಿ ಅಕ್ಕಾ! ಆ ಹಕ್ಕಿ ರೆಕ್ಕೆ ಬಿಚ್ಚಿದಾಗ ನನ್ನ ಮುಖಕ್ಕೆ ಗಾಳಿ ಬಡೀತು!" ಎಂದು ಒಬ್ಬ ಹುಡುಗ ಕುಣಿದ.

"ಅದು ಏಸಿ ಗಾಳಿ ಕಣೋ," ಎಂದ ಅವನ ಗೆಳೆಯ.

ಕಾದಂಬರಿಯನ್ನೇ ಕೈಯಲ್ಲಿ ಹಿಡಿದುಕೊಂಡಿದ್ದ ಒಬ್ಬಾಕೆ ಮೈಕನ್ನು ಕಸಿದುಕೊಂಡೇ ಮಾತಾಡಿದಳು. "ಪುಸ್ತಕದಲ್ಲಿ ಹಕ್ಕಿ ಒಂದೇ ವಾಪಸ್ ಬರುತ್ತೆ. ಬೆನ್ನು ಖಾಲಿ. ಅದೇ ಕಥೆ! ಇವರು ಅವಳನ್ನ ಕೂರಿಸಿಕೊಂಡು ಬಂದು ಡ್ಯಾನ್ಸ್ ಮಾಡಿಸಿದಾರೆ. ಇದಕ್ಕೆ ಇಷ್ಟು ವರ್ಷ ಬೇಕಿತ್ತಾ?"

ಅವಳ ಹಿಂದೆ ಕಣ್ಣೊರೆಸಿಕೊಳ್ಳುತ್ತ ಬಂದ ಮುದುಕರೊಬ್ಬರು, "ಬದಲಾಯಿಸಿದ್ದೇ ಒಳ್ಳೇದಾಯ್ತಮ್ಮ," ಎಂದರು. "ಕಾದೋನಿಗೆ ಸಿಗಬೇಕು. ಕಥೆಯಲ್ಲಾದ್ರೂ ಸಿಗದಿದ್ರೆ ಇನ್ನೆಲ್ಲಿ ಸಿಗುತ್ತೆ?"

"ಇವರು ಟೀವಿ ಜಾಹೀರಾತಿಗೂ ಅಳ್ತಾರೆ, ನಂಬಬೇಡಿ," ಎಂದರು ಅವರ ಹೆಂಡತಿ.

ಎಲ್ಲರೂ ನಕ್ಕರು. ಮೈಕು ನಗಲಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಅವನು ಅದನ್ನು ಕಂಡ. ಮೈಕ್ ಹಿಡಿದ ಕೈ ಕೆಳಗೆ ಜಾರಿತ್ತು.

ಜನ ಕರಗಿದ ಮೇಲೆ ಅವನು ಟಿಕೆಟ್ ತೆಗೆದು ಅವಳ ಮುಂದೆ ಹಿಡಿದ. "ಕೇಳಿದೋರೇ ಕೊಡಿಸಬೇಕು ಅಂದಿದ್ದೆ."

ಅವಳು ಟಿಕೆಟ್ಟನ್ನೇ ನೋಡುತ್ತ ಮೆಟ್ಟಿಲ ಮೇಲೆ ಕುಳಿತಳು. ವೈರು ಇನ್ನೂ ಇಬ್ಬರ ನಡುವೆ ಇತ್ತು. ಅವನೂ ಕೂರಬೇಕಾಯಿತು.

"ನೆನಪಿಟ್ಕೊಂಡಿದ್ಯಾ?"

"ಮರೆತಿದ್ರೆ ತಾನೇ."

"ನಾನೂ ಒಂದು ವಿಷಯ ಹೇಳಬೇಕಿತ್ತು ಕ್ಯಾಮೆರಾ. ವಾರದಿಂದ ಬಾಯಿಗೆ ಬಂದದ್ದು ಹಾಗೇ ಒಳಗೆ ಹೋಗ್ತಿದೆ." ಅವಳು ವೈರನ್ನು ಬೆರಳಿಗೆ ಸುತ್ತಿದಳು. "ನನ್ನ ಮದುವೆ ಗೊತ್ತಾಗಿದೆ. ಮುಂದಿನ ತಿಂಗಳು. ಅಕ್ಕನ ಮನೆ ಎದುರು ಕನ್ನಡಕದ ಅಂಗಡಿ ಇಟ್ಟಿದಾರಲ್ಲ, ಅವರು. ಆಮೇಲೆ ಈ ಕೆಲಸಕ್ಕೆ ಬರಲ್ಲ. ಅಂಗಡಿ ನಾನೂ ನೋಡ್ಕೋಬೇಕು."

ಪಾರ್ಕಿಂಗಿನಲ್ಲಿ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು. ಅವನು ಅತ್ತ ನೋಡಿದ, ಅದು ತುಂಬ ಮುಖ್ಯವಾದ ಹಾರ್ನ್ ಎನ್ನುವ ಹಾಗೆ.

"ಒಳ್ಳೆಯವರಾ?" ಎಂದ ಕಡೆಗೆ.

"ಒಳ್ಳೆಯವರು. ಕೆಟ್ಟವರಾಗಿದ್ರೆ ಬೇಡ ಅನ್ನೋದು ಸುಲಭ ಇತ್ತು."

"ಹೂಂ."

"ನೀನು ಇವತ್ತು ಏನೋ ಹೇಳೋಕೆ ಹೊರಟಿದ್ದೆ. ಶರ್ಟು ನೋಡಿದ ತಕ್ಷಣ ಗೊತ್ತಾಯ್ತು."

"ಏನಿಲ್ಲ ಬಿಡು."

"ಹೇಳು. ಒಂದು ಸಲ ಕೇಳಿಸ್ಕೋತೀನಿ. ಅಷ್ಟಾದ್ರೂ ನನಗೆ ಸಲ್ಲಬೇಕು."

ಅವನು ಹೇಳಿದ. ಕತ್ತಲಿಗೆಂದು ಇಟ್ಟುಕೊಂಡಿದ್ದ ಮಾತನ್ನು ನಡುಮಧ್ಯಾಹ್ನದ ಬಿಸಿಲಲ್ಲಿ, ಚಪ್ಪಲಿಯ ಉಂಗುಷ್ಠ ನೋಡುತ್ತ, ಮೂರೇ ವಾಕ್ಯದಲ್ಲಿ ಹೇಳಿದ. ಮೊದಲನೇ ಭಾಗದ ದಿನದಿಂದ ನೀನೇ. ಎರಡನೇ ಭಾಗದ ದಿನ ಕೇಳೋಣ ಅಂತಿದ್ದೆ. ಅವರು ರೆಕ್ಕೆ ಮುಗಿಸಲಿಲ್ಲ.

ಅವಳು ನಕ್ಕಳು, ನಗುತ್ತಲೇ ಕಣ್ಣು ತುಂಬಿತು. "ಹುಚ್ಚಾ. ಹಕ್ಕಿಗೆ ರೆಕ್ಕೆ ಬರಲಿ ಅಂತ ಕೂತಿದ್ಯಾ?"

"ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಊರವರಿಗೆಲ್ಲ ಮೈಕ್ ಹಿಡಿದು ಬಾಯಿ ಬಿಡಿಸೋಳು ನಾನು, ನಿನ್ನ ಬಾಯಿ ತಾನಾಗೇ ತೆರೀಲಿ ಅಂತ ಸುಮ್ಮನಿದ್ದೆ. ನಾನೂ ಕಾದೆ ಕಣೋ. ನೀನು ಒಂದು ತಾರೀಖಿಗೆ ಕಾದೆ. ನನಗೆ ಆ ತಾರೀಖು ಯಾರೂ ಹೇಳಿರಲಿಲ್ಲ."

"ಈಗ..."

"ಈಗ ಬೇಡ. ಮಾತು ಕೊಟ್ಟಾಗಿದೆ. ಅವರು ಕೇಳಿದ ದಿನ ಒಂದು ವಾರ ಟೈಮ್ ತಗೊಂಡೆ. ಆ ವಾರ ದಿನಾ ನಿನ್ನ ಪಕ್ಕದಲ್ಲೇ ನಿಂತಿದ್ದೆ. ನೀನು ಬ್ಯಾಟರಿ ಚಾರ್ಜ್ ಬಗ್ಗೆ ಮಾತಾಡಿದೆ."

ಅದು ನಿಜ. ಅವನಿಗೂ ನೆನಪಿತ್ತು.

ಗೇಟಿನಿಂದ ಅಜ್ಜ ಕೂಗಿದ, "ಆಟ ಶುರುವಾಗುತ್ತೆ, ಟಿಕೆಟ್ ಇದ್ರೆ ಒಳಗೆ ನಡೀರಿ!"

ಅವಳು ಎದ್ದು ಕೈ ಚಾಚಿದಳು. ಕೈಗಲ್ಲ, ಟಿಕೆಟ್ಟಿಗೆ. "ಇಂಟರ್ವಲ್ ತನಕ ಬರ್ತೀನಿ. ಆಮೇಲಿನದನ್ನ ಅವರು ಬದಲಾಯಿಸಿದಾರೆ. ಅದು ನನ್ನಿಂದ ನೋಡೋಕಾಗಲ್ಲ."

ಒಳಗೆ ತಂಪಿತ್ತು. ನಡುವೆ ಒಂದೇ ಕೈಪಟ್ಟಿ, ಅದರ ಮೇಲೆ ಇಬ್ಬರ ಮೊಣಕೈ. ತೆಗೆಯೋಣವೆಂದು ಅವನಿಗೂ ಅನಿಸಲಿಲ್ಲ, ಅವಳಿಗೂ. ಪರದೆಯ ಮೇಲೆ ಹುಡುಗ ಬೆಟ್ಟದ ತುದಿಯಲ್ಲಿ ಮೋಡಗಳನ್ನು ಅಟ್ಟಿಕೊಂಡು ನಿಂತಿದ್ದ. ಆಮೇಲೆ ಆಕಾಶದ ಒಂದು ಮೂಲೆಯಿಂದ ಆ ರೆಕ್ಕೆ ಬಿಚ್ಚಿತು. ಒಂದೊಂದೇ ಗರಿ, ಗರಿಯ ಮೇಲೊಂದು ಗರಿ, ಅಂಚಿನಲ್ಲಿ ಬಿಸಿಲು. ಇಡೀ ಥಿಯೇಟರು ಉಸಿರು ಹಿಡಿಯಿತು.

"ಚೆನ್ನಾಗಿ ಮಾಡಿದಾರೆ," ಎಂದು ಅವಳು ಪಿಸುಗುಟ್ಟಿದಳು.

"ಹೂಂ. ಚೆನ್ನಾಗಿ ಮಾಡಿದಾರೆ."

"ಅಷ್ಟು ಟೈಮ್ ಬೇಕೇ ಬೇಕು ಇದಕ್ಕೆ."

"ಇದಕ್ಕೆ ಬೇಕು," ಎಂದ ಅವನು.

ದೀಪ ಹತ್ತಿತು. ಅವನು ಪಾಪ್‌ಕಾರ್ನ್ ತರಲೇ ಎಂದ, ಲೆಕ್ಕ ಹಾಕಿಟ್ಟಿದ್ದು ವ್ಯರ್ಥವಾಗಬಾರದೆಂದೋ ಏನೋ. ಅವಳು ಬೇಡವೆಂದು ತಲೆಯಾಡಿಸಿ, ಅವನ ಕಾಲರನ್ನು ಒಮ್ಮೆ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು. "ಇಸ್ತ್ರಿ ಚೆನ್ನಾಗಿದೆ," ಎಂದಳು. ಸಾಲಿನವರ ಕಾಲು ದಾಟಿಕೊಂಡು ಹೋದಳು. ಬಾಗಿಲ ಪರದೆಯ ಹತ್ತಿರ ನಿಂತಳು, ವೈರು ಬಿಗಿದಾಗ ನಿಲ್ಲುತ್ತಿದ್ದ ಹಾಗೆ. ಈ ಸಲ ವೈರಿರಲಿಲ್ಲ. ಹೋದಳು.

ಉಳಿದರ್ಧವನ್ನು ಅವನೊಬ್ಬನೇ ನೋಡಿದ. ಪಕ್ಕದ ಕುರ್ಚಿಯ ಮೇಲೆ ಕ್ಯಾಮೆರಾ ಚೀಲವಿತ್ತು. ಹಕ್ಕಿಯ ಬೆನ್ನ ಮೇಲೆ ಹುಡುಗಿ ಮರಳಿ ಬಂದಾಗ ಜನ ಸೀಟಿ ಹೊಡೆದರು. ಅವನೂ ಚಪ್ಪಾಳೆ ತಟ್ಟಿದ. ಪಾಪ, ಆ ಹುಡುಗನಿಗಾದರೂ ಸಿಕ್ಕಿದಳು.

ಹೊರಗೆ ಬಂದರೆ ಬೇರೆ ಯಾವುದೋ ಚಾನೆಲ್ಲಿನ ಹುಡುಗಿ ಮುಖಕ್ಕೇ ಮೈಕ್ ಹಿಡಿದಳು. ವೈರಿಲ್ಲದ ಮೈಕು. "ಸರ್, ಸರ್! ಸೀಕ್ವೆಲ್ ಹೇಗಿತ್ತು?"

ಕ್ಯಾಮೆರಾದ ಮುಂದೆ ಬೆಬ್ಬೆಬ್ಬೆ ಅನ್ನುವವರನ್ನು ಕಂಡು ಎಷ್ಟೋ ಸಲ ಅವನು ಬೇಸರಪಟ್ಟಿದ್ದ. ಈಗ ಅವನೇ ಬೆಬ್ಬೆಬ್ಬೆ ಎಂದ. ಹುಡುಗಿ ಕಾದಳು. ಅವಳ ಹಿಂದಿನ ಹುಡುಗನೂ ಕ್ಯಾಮೆರಾ ಹಿಡಿದು ಕಾದ.

"ಚೆನ್ನಾಗಿತ್ತು," ಎಂದ. "ಸ್ವಲ್ಪ ಬೇಗ ಬರಬೇಕಿತ್ತು."

ಆಮೇಲೆ ಮೆಟ್ಟಿಲ ಮೇಲೆ ಕೂತು, ಅಲ್ಲೇ ಬಿಟ್ಟಿದ್ದ ವೈರನ್ನು ಮೊಣಕೈಗೆ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವನಿಗೆ ಸಿಕ್ಕಿದ್ದು, ಅರ್ಧ ಸಿನಿಮಾದಷ್ಟು ಹೊತ್ತು ಅವಳ ಪಕ್ಕದ ಕುರ್ಚಿ. ಹೋದದ್ದು, ಯಾವತ್ತು ಕೇಳಿದ್ದರೂ ಹೂಂ ಎನ್ನುತ್ತಿದ್ದವಳು.