ಪೀರಮ್ಮ ಇಟ್ಟ ಕಂಬಳಿ

"ಅಮೋಘಸಿದ್ದಗ ಜ್ವರ ನೆತ್ತಿಗೇರ್ಯಾದಂತ. ಗುಡ್ಡದಿಂದ ಇಳಿಸಿ ದವಾಖಾನಿಗೆ ಮುಟ್ಟಿಸ್ಬೇಕು. ನಡಿ ನಾಮದೇವ!" ಖಂಡೆಪ್ಪ ಜೀಪಿಗೆ ಹಗ್ಗ, ಸಲಿಕೆ ಎಸೆದ.

ಅಲ್ಜೀರಿಯಾದ ಎತ್ತರದ ಊರು ಸೆತೀಫ್. ರೈಲುಹಳಿ ಹಾಕುವ ಕೆಲಸಕ್ಕೆ ಕಲ್ಹೇರಿನ ಕುರುಬ ಖಂಡೆಪ್ಪ, ಅವನ ತಂಗಿಯ ಗಂಡ ಅಮೋಘಸಿದ್ದ, ಜಹೀರಾಬಾದಿನ ಡ್ರೈವರ್ ನಾಮದೇವ ಬಂದಿಳಿದದ್ದು ಬೇಸಿಗೆಯಲ್ಲಿ. ಆಗ ಕಣ್ಣು ಹರಿದಷ್ಟೂ ಗೋಧಿಯ ಕೂಳೆ, ಒಣ ಗಾಳಿ, ನೆತ್ತಿ ಸುಡುವ ಬಿಸಿಲು. ಥೇಟ್ ಕಲ್ಹೇರೇ! ಈಗ ನೋಡಿದರೆ ಅದೇ ಬಯಲಲ್ಲಿ ಮೊಣಕಾಲುದ್ದ ಹಿಮ, ಬರ್ಫ. ಆಫ್ರಿಕಾದಲ್ಲಿ ಇಂಥ ಚಳಿ ಇದ್ದೀತೆಂದು ಊರಲ್ಲಿ ಯಾವನಿಗೆ ಗೊತ್ತಿತ್ತು? ತಂಗಿ ಪೀರಮ್ಮ ಗಂಡನ ಗಂಟಿನಲ್ಲಿಟ್ಟ ಕಂಬಳಿಯನ್ನು ತೆಗೆಸಿದವನು ಇದೇ ಖಂಡೆಪ್ಪ.

"ಆಫ್ರಿಕಾದಾಗ ಕಂಬಳಿ ಯಾಕವ್ವ? ಮಂದಿ ನಗ್ತಾರ. ನಿನ್ ಗಂಡನ್ನ ನಾ ಕರ್ಕೊಂಡು ಬರ್ತೀನಿ, ಕಾಳಜಿ ಮಾಡಬ್ಯಾಡ," ಅಂದಿದ್ದ.

ಅರ್ಧ ದಾರಿಗೆ ಜೀಪು ಬರ್ಫದಲ್ಲಿ ಹೂತುಹೋಯಿತು. ಇಬ್ಬರೂ ನಡೆದರು. ಬಿದ್ದರು, ಎದ್ದರು.

ಗುಡ್ಡದ ಮೇಲಿನ ಕಲ್ಲುಗಣಿಯ ಗುಡಿಸಲಲ್ಲಿ, ಕಾವಲಿಗಿದ್ದ ಅಮೋಘಸಿದ್ದ ಎರಡು ಗೋಣಿಚೀಲ ಹೊದ್ದು ಮುದುಡಿ ಬಿದ್ದಿದ್ದ. ಉಸಿರು ಗೊರಗೊರ ಅನ್ನುತ್ತಿತ್ತು. ಖಂಡೆಪ್ಪ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ.

ಗಾಳಿ ಎದ್ದಿತು. ದಾರಿ ಮಾಯವಾಯಿತು.

"ಎತ್ತಾಗ ಹೋಗೋದಣ್ಣ?" ನಾಮದೇವ ಚೀರಿದ.

"ತಡಿ! ಕುರಿ ವಾಸ್ನಿ ಬರ್ಲಾಕತ್ತದ."

ವಾಸನೆ ಹಿಡಿದು ಹೋದರೆ ಕಲ್ಲಿನ ಕುರಿದೊಡ್ಡಿ. ಅಲ್ಲಿನ ಮುದುಕ ಕುರುಬ ಬಾಗಿಲು ತೆರೆದ. ಊರಲ್ಲಿ ಮಳೆಗೆ ನೆನೆದ ಮರಿಯನ್ನು ಮಲಗಿಸುವಂತೆ ಖಂಡೆಪ್ಪ ಅಮೋಘಸಿದ್ದನನ್ನು ಕುರಿಗಳ ನಡುವೆ ಮಲಗಿಸಿ ಕೈಕಾಲು ತಿಕ್ಕಿದ.

ಅಮೋಘಸಿದ್ದ ಕಣ್ಣು ಬಿಟ್ಟ. "ಭಾವ, ನಮ್ಮ ಹಟ್ಟಿ ವಾಸ್ನಿ... ಊರು ಬಂತೇನು?"

"ಬಂತಪ್ಪ, ಬಂತು," ಅಂದ ಖಂಡೆಪ್ಪ.

ಗಾಳಿ ನಿಂತಾಗ ಅಮೋಘಸಿದ್ದನ ಉಸಿರೂ ನಿಂತಿತ್ತು.

ಬರ್ಫ ಕರಗುವ ತನಕ ಹೆಣ ಇಲ್ಲೇ ಇರಲಿ ಎಂದು ಮುದುಕ ಸನ್ನೆ ಮಾಡಿದ. ನಾಮದೇವನೂ ಕಣ್ಣೊರೆಸಿಕೊಂಡು, "ನಾವೂ ಸಾಯ್ತೀವಣ್ಣ," ಅಂದ.

"ನನ್ ತಂಗಿಗೆ ಮಾತು ಕೊಟ್ಟೀನಿ," ಎಂದು ಖಂಡೆಪ್ಪ ಹೆಣವನ್ನು ಬೆನ್ನಿಗೇರಿಸಿದ. ನಾಮದೇವ ಮುಂದೆ ಸಲಿಕೆಯಿಂದ ದಾರಿ ಬಿಡಿಸುತ್ತ ಹೋದ. ಸೆತೀಫಿನ ದೀಪ ಕಂಡಾಗ ಇಬ್ಬರ ಬೆರಳೂ ಮರಗಟ್ಟಿದ್ದವು.

ಕಲ್ಹೇರಿನಲ್ಲಿ ಪೆಟ್ಟಿಗೆ ಇಳಿಸಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಖಂಡೆಪ್ಪ ತಲೆ ಎತ್ತಲಿಲ್ಲ. ಪೀರಮ್ಮ ಒಳಗಿಂದ ಆ ಕಂಬಳಿ ತಂದು ಪೆಟ್ಟಿಗೆಯ ಮೇಲೆ ಹಾಸಿದಳು. ಅಂಚುಗಳನ್ನು ಒಂದೊಂದಾಗಿ ಒಳಗೆ ಮಡಿಚಿದಳು.

"ಹೊಚ್ಕೊರಿ. ಭಾಳ ಚಳಿ ಹತ್ಯಾದ ನಿಮಗ."

ಆಮೇಲೆ ಅಣ್ಣನ ಸೆಟೆದ ಬೆರಳು ಹಿಡಿದುಕೊಂಡಳು. "ಕರ್ಕೊಂಡು ಬರ್ತೀನಿ ಅಂದಿದ್ದಿ. ಕರ್ಕೊಂಡೇ ಬಂದ್ಯಣ್ಣ."

ಗುಡ್ಡದ ಮೇಲೆ ಅಳದ ಖಂಡೆಪ್ಪ ಆಗ ಹೋ ಎಂದು ಅತ್ತ.