ಹಸಿರು ಪೊಟ್ಟಣದ ಕೆಳಗಿನ ಸೆಲ್ಲು

ಬೆಳಗಾಗುವ ಹೊತ್ತಿಗೆ ತೊಟ್ಟಿಗಳ ತುಂಬ ಮೀನುಮರಿಗಳು ಸತ್ತು ತೇಲುತ್ತಿದ್ದವು. ಕರೆಂಟು ಹೋದಾಗ ಗಾಳಿ ಪಂಪುಗಳನ್ನು ನಡೆಸಬೇಕಿದ್ದ ಬ್ಯಾಟರಿ ಸಾಲು ನಿಮಿಷಗಳಲ್ಲೇ ಕೈಕೊಟ್ಟಿತ್ತು. ಫಾಂಗ್‌ಲ್ಯಾವ್ ತೀರದ ಆ ಮರಿಕೇಂದ್ರದ ಯಜಮಾನಿ ಮೇಯ್ಶಾ, ನಿವೃತ್ತ ಬಂದರು ಪೊಲೀಸ್ ಪಾನ್ ಅವರ ಮನೆಗೆ ಬಂದು ಕೂತಾಗ ಕೊಟ್ಟ ಚಹಾ ಮುಟ್ಟಲಿಲ್ಲ.

"ಬ್ಯಾಟರಿ ನೋಡ್ಕೊಳ್ಳೋನು ಚಿಂಗ್‌ಹ್ವೇ. ಅವನನ್ನ ಇವತ್ತೇ ಓಡಿಸು ಅಂತಾನೆ ಮೈದುನ. ಓಡಿಸಿದ್ರೆ ಈ ತೀರದಲ್ಲಿ ಇನ್ಯಾರೂ ಅವನನ್ನ ಸೇರಿಸಲ್ಲ. ನೀವೊಂದ್ಸಲ ಬಂದು ನೋಡಿ ಪಾನಣ್ಣ."

ಪಾನ್ ಎಂದಿನಂತೆ ಸೊಸೆ ಯೂಚೆನ್‌ಳನ್ನು ಕರೆದುಕೊಂಡು ಮರಿಕೇಂದ್ರಕ್ಕೆ ಹೋದರು. ತಂಗಿಯ ಮಗಳು, ನಾಲ್ಕು ಜನ ಸೇರಿದರೆ ಬಾಗಿಲ ಮರೆಗೆ ಸರಿಯುವವಳು. ಮಾತು ಕಡಿಮೆ, ಕಿವಿ ಚುರುಕು. ಆ ದಿನ ಅವಳಿಗೆ ಎಲ್ಲರ ಮೇಲೂ ಗುಮಾನಿ. ಅಳದ ಯಜಮಾನಿಯ ಮೇಲೆ, ತಲೆಯೆತ್ತದ ಚಿಂಗ್‌ಹ್ವೇ ಮೇಲೆ, ಕೇಳದಿದ್ದರೂ ಉತ್ತರಿಸುತ್ತಿದ್ದ ಮೈದುನ ಕುನ್‌ಷಾನ್ ಮೇಲೆ. ಅವನ ಮೀನುಕೊಳಗಳು ಪಕ್ಕದಲ್ಲೇ ಇದ್ದವು.

ಬ್ಯಾಟರಿ ಕೋಣೆಯ ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ಎಲ್ಲರ ಕಣ್ಣೆದುರೇ ನೇತಾಡುತ್ತಿತ್ತು. ತಾಯಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದ ಚಿಂಗ್‌ಹ್ವೇ ಹಿಂದಿನ ಸಂಜೆಯಷ್ಟೇ ಮರಳಿದ್ದ. ತಿಂಗಳಿಗೊಮ್ಮೆ ಪ್ರತಿ ಸೆಲ್ಲಿನ ಆಸಿಡ್ ಅಳೆದು, ಬ್ಯಾಟರಿ ನೀರು ತುಂಬಿ, ಎಲ್ಲವೂ ಒಂದೇ ಮಟ್ಟಕ್ಕೆ ಬರುವವರೆಗೆ ನಿಧಾನವಾಗಿ ಚಾರ್ಜ್ ಮಾಡುವುದು ಅವನ ಪದ್ಧತಿ.

"ಎಲ್ಲ ನನ್ನದೇ ತಪ್ಪು," ಎಂದಳು ಮೇಯ್ಶಾ. "ಕಳೆದ ವರ್ಷ, ಸತ್ತವರಿಗೆ ಎಡೆ ಇಡೋ ಭೂತಗಳ ತಿಂಗಳಲ್ಲಿ, ಯಂತ್ರ ಕೆಡದೆ ನಡೀಲಿ ಅಂತ ಎಲ್ಲರ ಹಾಗೆ ನಾನೂ ಬ್ಯಾಟರಿ ಮೇಲೆ ಹಸಿರು ತಿಂಡಿ ಪೊಟ್ಟಣ ಇಟ್ಟಿದ್ದೆ. ಆಮೇಲೆ ಬದಲಾಯಿಸೋಕೆ ಮರೆತೆ. ತಾರೀಖು ಮುಗಿದಿದ್ದಕ್ಕೆ ಯಂತ್ರ ಮುನಿಸ್ಕೊಂಡ್ತು."

ಚಿಂಗ್‌ಹ್ವೇ ಮೂಗು ಮುರಿದ. "ತಿಂಡಿ ತಿಂದು ಕೆಲಸ ಮಾಡೋಕೆ ಅದೇನು ಕೂಸೇ?"

"ಪೊಟ್ಟಣದ ತಾರೀಖು ಇನ್ನೂ ಎಷ್ಟೋ ದೂರ ಇದೆ ಅತ್ತಿಗೆ," ಎಂದ ಕುನ್‌ಷಾನ್. "ಅದರ ಮೇಲ್ಯಾಕೆ ಹಾಕ್ತೀರಿ? ಕೆಲಸಗಾರ ಸೋಮಾರಿ." ತಾನಂತೂ ಹೊಸ ವರ್ಷದಿಂದೀಚೆ ಆ ಕೋಣೆಗೆ ಕಾಲಿಟ್ಟಿಲ್ಲವೆಂದೂ ಸೇರಿಸಿದ.

ಪಾನ್ ಕೋಣೆಗೆ ಹೋಗಿ ಗಾಜಿನ ಕೊಳವೆಯಲ್ಲಿ ಒಂದೊಂದೇ ಸೆಲ್ಲಿನ ಆಸಿಡ್ ಎಳೆದು ನೋಡಿದರು. ಯೂಚೆನ್ ದೀಪ ಹಿಡಿದಳು. ಪೊಟ್ಟಣ ಸಾಲಿನ ಕೊನೆಯ ಸೆಲ್ಲಿನ ಮೇಲಿತ್ತು. ಅದನ್ನು ಎತ್ತಿ ನೋಡಿ, ಅಲ್ಲೇ ಇಟ್ಟು, ಎಲ್ಲರನ್ನೂ ಅಡುಗೆಮನೆಯ ದುಂಡು ಮೇಜಿಗೆ ಕರೆದರು.

"ಇಪ್ಪತ್ಮೂರು ಸೆಲ್ಲು ಸಮ ಇವೆ. ಕೊನೇದರಲ್ಲಿ ಆಸಿಡ್ ನೀರಾಗಿದೆ. ಒಂದು ಸೋತ್ರೆ ಇಡೀ ಸಾಲು ಸೋಲುತ್ತೆ. ಹೊರಗಿನ ಮೀಟರು ಒಟ್ಟು ಲೆಕ್ಕ ತೋರ್ಸುತ್ತೆ, ಅದರಲ್ಲಿ ಗೊತ್ತಾಗಲ್ಲ. ಚಿಂಗ್‌ಹ್ವೇ ಬೋಲ್ಟಿಗೆಲ್ಲ ಗ್ರೀಸ್ ಹಚ್ಚಿದ್ದಾನೆ. ಆ ಒಂದಕ್ಕೆ ಮಾತ್ರ ಗ್ರೀಸಿಲ್ಲ, ಸ್ಪ್ಯಾನರಿನ ಹೊಸ ಗೀರುಗಳಿವೆ. ಅಂದ್ರೆ ಅದು ಇಲ್ಲಿಯ ಸೆಲ್ಲೇ ಅಲ್ಲ. ಅವನು ಊರಲ್ಲಿಲ್ಲದಾಗ ಯಾರೋ ಅದಲು ಬದಲು ಮಾಡಿದ್ದಾರೆ. ಸಾಲು ದೂಳು ಹಿಡಿದಿದ್ರೂ ಪೊಟ್ಟಣ ಮಾತ್ರ ಹೊಚ್ಚಹೊಸದು. ಇಟ್ಟವನು ಚಿಂಗ್‌ಹ್ವೇ ಅಲ್ಲ, ಅವನು ಅದನ್ನ ನೋಡಿ ನಗೋನು. ಯಜಮಾನಿಗೆ ಅದು ಬದಲಾಗಿದ್ದೇ ಗೊತ್ತಿಲ್ಲ." ಸೊಸೆಯತ್ತ ತಿರುಗಿದರು. "ನೀನೇನು ಕೇಳಿಸ್ಕೊಂಡೆ?"

ಯೂಚೆನ್ ಮೇಜಿನ ಅಂಚನ್ನೇ ನೋಡುತ್ತ ಹೇಳಿದಳು. "ಕೋಣೆಗೆ ಹೋಗದೇ ಇರೋರಿಗೆ ತಾರೀಖು ಹೇಗೆ ಗೊತ್ತಾಯ್ತು?"

ಕುನ್‌ಷಾನ್ ಒಪ್ಪಿಕೊಂಡ. ತನ್ನ ಕೊಳದ ಬ್ಯಾಟರಿಯಲ್ಲಿ ಒಂದು ಸೆಲ್ಲು ಸತ್ತಿತ್ತಂತೆ. ಅದನ್ನು ಇಲ್ಲಿಟ್ಟು ಇಲ್ಲಿಯ ಒಂದನ್ನು ಒಯ್ದನಂತೆ. ಇಪ್ಪತ್ನಾಲ್ಕರಲ್ಲಿ ಒಂದು ತಾನೇ, ಉಳಿದವು ಹೊತ್ತುಕೊಳ್ಳುತ್ತವೆ ಎಂದುಕೊಂಡನಂತೆ. "ಆದ್ರೂ ಮನಸ್ಸು ತಡೀಲಿಲ್ಲ. ಆ ಮುದಿ ಸೆಲ್ಲು ತಂಟೆ ಮಾಡದಿರ್ಲಿ ಅಂತ ಹಳೇ ಪೊಟ್ಟಣ ತೆಗೆದು, ಹೊಸದು ತಂದು ಅದರ ಮೇಲಿಟ್ಟೆ."

ಮೇಯ್ಶಾ ಆಗ ಅತ್ತಳು. ಆಮೇಲೆ ಚಿಂಗ್‌ಹ್ವೇ ಮುಂದೆ ತಲೆ ಬಾಗಿಸಿ, ಕೆಲಸ ಬಿಡಬೇಡ, ಇಲ್ಲೇ ಇರು ಎಂದಳು.

ಅವನು ಸ್ಪ್ಯಾನರ್ ಕೈಗೆತ್ತಿಕೊಂಡು ಕುನ್‌ಷಾನ್‌ಗೆ ಹೇಳಿದ: "ಬನ್ನಿ. ಹಳೇ ಸಾಲಿಗೆ ನಮ್ಮ ಗಟ್ಟಿ ಸೆಲ್ಲು ಸೇರ್ಸಿದ್ದೀರಿ. ಅದೂ ಹೊಂದಿಕೊಳ್ಳಲ್ಲ, ನಿಮ್ಮ ಮೀನೂ ಉಳಿಯಲ್ಲ."

ಹೊಸ್ತಿಲಲ್ಲಿ ಮೇಯ್ಶಾ ಹಸಿರು ಪೊಟ್ಟಣವನ್ನು ಚಿಂಗ್‌ಹ್ವೇ ಕೈಗಿಟ್ಟಳು. ಅವನು ಅದನ್ನೊಮ್ಮೆ ನೋಡಿದ. ಈ ಸಲ ನಗಲಿಲ್ಲ. ಒಳಗಿನ ತಿಂಡಿ ಮುರಿಯದ ಹಾಗೆ ಜೋಪಾನವಾಗಿ ಜೇಬಿಗಿಳಿಸಿಕೊಂಡ.