ಸದ್ದು ಅಡಗುವವರೆಗೆ

“ಮತ್ತೆ ಅವಸರ! ಸ್ವರದ ಮೇಲೆ ಸ್ವರ ಹಾಕಿದೆಯಲ್ಲ... ನನ್ನ ಮಗ ಬರೆದದ್ದನ್ನ ಮಣ್ಣುಪಾಲು ಮಾಡೋಕೇ ಕೂತಿದೀಯಾ?”

ಅತ್ತೆ ಪಿಯಾನೊದ ಮುಚ್ಚಳವನ್ನು ಧಡ್ಡನೆ ಮುಚ್ಚಿದ ರಭಸಕ್ಕೆ ಎದುರಿನ ಪಿಯಾನೊದ ಮೇಲಿದ್ದ ದೀಪವೂ ಅಲುಗಿತು. ಅಲ್ಲಿ ಕುಳಿತಿದ್ದ ಸೊಸೆ ತುಟಿ ಕಚ್ಚಿಕೊಂಡಳು. ಎರಡು ಪಿಯಾನೊಗಳಿಗೆಂದು ಗಂಡ ಬರೆದ ಆ ಸಂಗೀತಕ್ಕೆ ಒಂದೇ ಕಟ್ಟಳೆ: ಒಬ್ಬರ ಸ್ವರ ತಾನಾಗಿ, ಪೂರ್ತಿಯಾಗಿ ಅಡಗುವವರೆಗೆ ಇನ್ನೊಬ್ಬರು ಕೈಯಿಡುವಂತಿಲ್ಲ. ಆಮೆಗೂ ಬೇಸರ ಬರುವಷ್ಟು ನಿಧಾನ! ಕಾಯದೆ ನುಗ್ಗುತ್ತಿದ್ದವರು ಅತ್ತೆ, ಬೈಗುಳ ಮಾತ್ರ ಸೊಸೆಯ ಪಾಲಿಗೆ.

ಪಕ್ಕದ ಕೋಣೆಯಿಂದ ಕೇಳುತ್ತಿದ್ದ ಗಂಡ ಒಳಗೆ ಬಂದು ಶತಪಥ ತಿರುಗತೊಡಗಿದ. ತನಗೆ ಪಾಠ ಹೇಳಿಕೊಟ್ಟ ಅಮ್ಮ ತಪ್ಪಿಯಾಳೆಂದು ಅವನಿಗೆ ಕನಸಿನಲ್ಲೂ ಅನಿಸಲಿಲ್ಲ.

“ನಾಳೆ ಕಾರ್ಯಕ್ರಮಕ್ಕೆ ನೀನು ಬೇಡ. ಅಮ್ಮನ ಜೊತೆ ನಾನೇ ಕೂರ್ತೀನಿ.”

ಸೊಸೆಯ ಇಷ್ಟು ದಿನದ ಅಭ್ಯಾಸ ಒಂದೇ ಮಾತಿಗೆ ನೀರುಪಾಲು! ನಿಜ ಹೇಳಿಬಿಟ್ಟಿದ್ದರೆ ಅವಳ ಜಾಗ ಉಳಿಯುತ್ತಿತ್ತು. ಕೆಳಗಿನ ದಪ್ಪ ಸ್ವರಗಳಿಗೆ ಅತ್ತೆ ಸರಿಯಾಗಿಯೇ ಕಾಯುತ್ತಿದ್ದರು. ತಪ್ಪುತ್ತಿದ್ದದ್ದು ಮೇಲಿನ ಸಣ್ಣ ಸ್ವರಗಳಿಗೆ. ಅವು ಪೂರ್ತಿ ಅಡಗುವ ಮೊದಲೇ ಅವರ ಕಿವಿ ಕೈಕೊಡುತ್ತಿತ್ತು. ಬಾಳಿಡೀ ಪಿಯಾನೊ ಕಲಿಸಿದ ಹೆಂಗಸಿಗೆ ಆ ಮಾತನ್ನು ಯಾವ ಬಾಯಲ್ಲಿ ಹೇಳುವುದು?

“ಆಗಲಿ, ನೀವೇ ಕೂತ್ಕೊಳ್ಳಿ,” ಎಂದಳು ಸೊಸೆ. “ಒಂದು ಮಾತು... ಮೇಲಿನ ಸ್ವರ ನಿಂತಾಗ ಸ್ವಲ್ಪ ತಲೆ ಬಗ್ಗಿಸಿ. ಅತ್ತೆಗೆ ಕಾಣೋ ಹಾಗೆ.”

“ಯಾಕೆ? ಅಮ್ಮನಿಗೇನು ಕಿವಿ ಕೇಳಲ್ವಾ?”

ಅತ್ತೆಯ ಮುಖ ಬಿಳಿಚಿಕೊಂಡಿತು.

“ಸಣ್ಣ ಸ್ವರ ಕೇಳಲ್ಲ ಕಣೋ,” ಎಂದರು ಕೊನೆಗೆ. “ಗೊತ್ತಾದ್ರೆ ಪಿಯಾನೊ ಮುಂದಿಂದ ಎಬ್ಬಿಸಿಬಿಡ್ತೀರಿ ಅಂತ ತಪ್ಪನ್ನ ಇವಳ ಮೇಲೆ ಹಾಕ್ತಾ ಬಂದೆ...” ಸೊಸೆಯ ಕಡೆ ತಿರುಗಿದರು. “ಗೊತ್ತಿದ್ದೂ ಬೈಸ್ಕೊಂಡೆಯಾ ಮಗೂ?”

ಸೊಸೆಗೆ ಅಳು ತಡೆಯಲಾಗಲಿಲ್ಲ. ಅತ್ತೆ ಎದ್ದು ಮಗನ ರಟ್ಟೆ ಹಿಡಿದು ತಮ್ಮ ಜಾಗದಲ್ಲಿ ಕೂರಿಸಿ, ಮುಚ್ಚಳ ತೆರೆದರು.

“ನೀನು ಇಲ್ಲಿ. ಅವಳು ಅಲ್ಲೇ ಇರಲಿ. ಹೂಂ, ನುಡಿಸಿ!”

ಸೊಸೆ ಕಣ್ಣೊರೆಸಿಕೊಂಡು ಮೇಲಿನ ಸ್ವರವೊಂದನ್ನು ಒತ್ತಿದಳು. ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತ ಅತ್ತೆಯ ಬೆರಳುಗಳು ತಡೆಯಲಾರದೆ ಮಡಿಲಲ್ಲೇ ಮುಂದಿನ ಸ್ವರ ನುಡಿಸಿಬಿಟ್ಟವು. ಅವರು ತಲೆಯೆತ್ತಿ ನೋಡಿದರು. ಮಗನ ಕೈ ಇನ್ನೂ ಗಾಳಿಯಲ್ಲಿತ್ತು. ಸೊಸೆ ಕಣ್ಣು ಮುಚ್ಚಿದ್ದಳು. ಅವರಿಬ್ಬರೂ ಇನ್ನೂ ಕೇಳುತ್ತಲೇ ಇದ್ದರು.